ನೂರತ್ತಕ್ಕೆ ಹಾಕು

ನಮ್ಮ ಕಡೆ ಪೆಟ್ರೋಲನ್ನು ಲೀಟರ್ ಲೆಕ್ಕದಲ್ಲಿ ಕೇಳುವವರು ಅಪರೂಪ. ಹಾಲು ಲೀಟರ್, ಅಡುಗೆ ಎಣ್ಣೆ ಲೀಟರ್, ಪೆಟ್ರೋಲ್ ಮಾತ್ರ ರೂಪಾಯಿ. ಬಿ.ಎಚ್. ರಸ್ತೆಯಲ್ಲಿ ಕೆ.ಬಿ. ಕ್ರಾಸಿನಿಂದ ತಿಪಟೂರಿನವರೆಗೆ ಯಾವ ಬಂಕಿನಲ್ಲಿ ನಿಂತರೂ ಕಿವಿಗೆ ಬೀಳುವುದು ‘ಐವತ್ತಕ್ಕೆ ಹಾಕು’, ‘ಇನ್ನೂರಕ್ಕೆ ಹಾಕು’. ಅದಕ್ಕಿಂತ ಹೆಚ್ಚಾಗಿ ಕೇಳುವುದು ‘ನೂರತ್ತಕ್ಕೆ ಹಾಕು’. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಗೆ ಬಂದು, ನೊಳಂಬರ ಕಾಲದ ನಟರಾಜನ ಛಾವಣಿಯನ್ನು ಕತ್ತು ನೋಯುವಷ್ಟು ಹೊತ್ತು ನೋಡಿ ಹೋಗುವ ಬೆಂಗಳೂರಿನ ಕಾರಿನವರು ‘ಫುಲ್ ಟ್ಯಾಂಕ್’ ಅನ್ನುತ್ತಾರೆ. ಟಿವಿಎಸ್ ಎಕ್ಸೆಲ್ಲಿನ ಎರಡೂ ಮಗ್ಗುಲಿಗೆ ಕಾಯಿ ಚೀಲ ಇಳಿಬಿಟ್ಟುಕೊಂಡು ಬರುವ ನಮ್ಮವರು ನೂರತ್ತು ಅನ್ನುತ್ತಾರೆ. ಆ ಹತ್ತು ಯಾಕಪ್ಪಾ ಎಂದರೆ ಉತ್ತರ ಬಾಯಲ್ಲೇ ಇರುತ್ತದೆ: ನೂರು, ಇನ್ನೂರು, ಐನೂರಕ್ಕೆ ಮೆಷಿನ್ನಿನಲ್ಲಿ ಮೊದಲೇ ಸೆಟ್ ಮಾಡಿಟ್ಟಿರ್ತಾರೆ, ಕಮ್ಮಿ ಬೀಳುತ್ತೆ, ನೂರತ್ತಕ್ಕಾದರೆ ಅವರ ಆಟ ನಡೆಯಲ್ಲ.

ಈ ನಂಬಿಕೆ ನಮ್ಮ ತಾಲ್ಲೂಕಿನದಷ್ಟೇ ಅಲ್ಲ, ದೇಶಕ್ಕೆಲ್ಲ ಹಬ್ಬಿದೆ. ಬುಡವಿಲ್ಲದೆ ಹುಟ್ಟಿದ್ದೂ ಅಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವಿಶೇಷ ಕಾರ್ಯಪಡೆ ಲಖನೌದ ಬಂಕುಗಳ ಮೇಲೆ ದಾಳಿ ಮಾಡಿದಾಗ, ಯಂತ್ರದೊಳಗೆ ಚಿಪ್ ಕೂರಿಸಿ ರಿಮೋಟಿನಿಂದ ಅಳತೆ ಕಡಿಮೆ ಮಾಡುತ್ತಿದ್ದದ್ದು ಬಯಲಾಯಿತು. ಆದರೆ ಅಂಥ ಚಿಪ್ ತಿರುಚುವುದು ಹರಿವಿನ ಅಳತೆಯನ್ನೇ. ನೂರರಲ್ಲಿ ಎಷ್ಟು ಪಾಲು ನುಂಗುತ್ತದೋ ನೂರತ್ತರಲ್ಲೂ ಅಷ್ಟೇ ಪಾಲು ನುಂಗುತ್ತದೆ. ನೂರತ್ತು ಕೊಟ್ಟವನು ಮೇಲಿನ ಹತ್ತು ರೂಪಾಯಿಯಲ್ಲೂ ಮೋಸ ಹೋಗಿರುತ್ತಾನೆ, ಅಷ್ಟೇ ವ್ಯತ್ಯಾಸ.

ಅನುಮಾನ ಇದ್ದವರಿಗೆ ದಾರಿ ಬೇರೆ ಇದೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬಿದ್ದ 5 ಲೀಟರಿನ ಅಳತೆ ಪಾತ್ರೆ ಪ್ರತಿ ಬಂಕಿನಲ್ಲೂ ಇರಬೇಕು, ಗಿರಾಕಿ ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರಿನವರೆಗೆ ಹೆಚ್ಚುಕಮ್ಮಿಯಾದರೆ ಅದು ನಿಯಮದೊಳಗೇ. ಲೀಟರಿಗೆ 5 ಮಿಲಿ ಅಂದರೆ ಸುಮಾರು ಐವತ್ತು ಪೈಸೆ. ಅಷ್ಟನ್ನು ಕಾನೂನೇ ಬಿಟ್ಟುಕೊಟ್ಟಿದೆ. ನಾನು ಕಂಡಂತೆ ಆ ಪಾತ್ರೆಯನ್ನು ಬಾಯಿಬಿಟ್ಟು ಕೇಳಿದವರು ಒಬ್ಬರೇ, ನಿವೃತ್ತ ಮೇಷ್ಟ್ರು. ಹುಡುಗ ಒಳಗಿಂದ ಪಾತ್ರೆ ತಂದ, ಬಟ್ಟೆಯಲ್ಲಿ ಒರೆಸಿದ, ಮೀಟರ್ ಸೊನ್ನೆ ತೋರಿಸಿದ, ಹಿಡಿದ. ಮೇಷ್ಟ್ರು ಬಗ್ಗಿ, ಕನ್ನಡಕ ಹಣೆಗೇರಿಸಿ, ಕತ್ತಿನ ಗೀಟನ್ನೇ ನೋಡುತ್ತಿದ್ದರು. ಗೀಟಿಗೆ ಸರಿಯಾಗಿ ನಿಂತಿತು. ಹಿಂದೆ ಸಾಲಿನಲ್ಲಿದ್ದ ಆರೇಳು ಬೈಕಿನವರು ಗೊಣಗಿದ್ದು ಬಂಕಿನವರ ಮೇಲಲ್ಲ, ಮೇಷ್ಟ್ರ ಮೇಲೆ. ಅಂದಿನಿಂದ ನನಗೆ ಅನಿಸಿದ್ದು: ನಮ್ಮಲ್ಲಿ ಅನುಮಾನಪಡುವುದಕ್ಕೆ ಮರ್ಯಾದೆ ಇದೆ, ಪರೀಕ್ಷೆ ಮಾಡುವುದಕ್ಕೆ ಇಲ್ಲ.

ಹಾಗಂತ ನೂರತ್ತು ಪೂರ್ತಿ ದಡ್ಡತನವೂ ಅಲ್ಲ. ಅದರ ಉಪಯೋಗ ಇನ್ನೊಂದು ಕಡೆ ಇದೆ. 2017ರ ಜೂನ್ 16ರಿಂದ ಇಂಧನದ ಬೆಲೆಯನ್ನು ದಿನಕ್ಕೊಮ್ಮೆ ಪರಿಷ್ಕರಿಸುವ ಪದ್ಧತಿ ದೇಶಕ್ಕೆಲ್ಲ ಬಂತು. ಬೆಲೆ ಬರೆಯುವುದು ಪೈಸೆಯವರೆಗೆ. ಆದರೆ 25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆ ಕಳೆದುಕೊಂಡಿದ್ದವು. 50 ಪೈಸೆ ಕಾನೂನಿನ ಪ್ರಕಾರ ಇವತ್ತಿಗೂ ನಡೆಯುವ ನಾಣ್ಯ. ಕೊಟ್ಟು ನೋಡಿ, ಹುಡುಗ ನಾಣ್ಯ ನೋಡುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ಅಂದರೆ ನೋಟು-ನಾಣ್ಯದಲ್ಲಿ ಕೊಡಲಾಗದ ಬೆಲೆಯನ್ನು ಬೋರ್ಡಿನ ಮೇಲೆ ಬರೆದು ನಮ್ಮನ್ನು ಎದುರುಬದುರು ನಿಲ್ಲಿಸಿದ್ದಾರೆ.

2024ರ ಮಾರ್ಚ್ ಮಧ್ಯದಿಂದ ಜೂನ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಪೆಟ್ರೋಲ್ ನೂರರೊಳಗಿತ್ತು, ಒಂದು ಲೀಟರಿಗೆ 99 ರೂಪಾಯಿ 84 ಪೈಸೆ. ಸಾಗಣೆ ಲೆಕ್ಕದಲ್ಲಿ ನಮ್ಮ ಕಡೆ ಒಂದಿಷ್ಟು ಆಚೀಚೆ. ಲೀಟರ್ ಕೇಳಿ ನೂರರ ನೋಟು ಚಾಚಿದವರು ಚಿಲ್ಲರೆ ಪೈಸೆ ಬಿಟ್ಟು ಹೋದರು, ಯಾರ ಹೊಟ್ಟೆಯೂ ಉರಿಯಲಿಲ್ಲ. ಜೂನ್ 15ರಂದು ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಬೆಲೆ ಒಂದೇ ಏಟಿಗೆ ಮೂರು ರೂಪಾಯಿ ಹಾರಿ ನೂರಾ ಮೂರರ ಹತ್ತಿರ ಹೋಯಿತು. ಆಗ ಶುರುವಾಯಿತು ನೋಡಿ, ಲೀಟರಿಗೆ ನೂರೈದು ಕೊಡುವುದು, ಎರಡು ರೂಪಾಯಿಗೆ ಕೈಯೊಡ್ಡುವುದು, ‘ಚಿಲ್ರೆ ಇಲ್ಲ ಕಣಣ್ಣ’ ಅನ್ನಿಸಿಕೊಳ್ಳುವುದು. ದುಡ್ಡಿನ ಲೆಕ್ಕದಲ್ಲಿ ಕೇಳುವವನಿಗೆ ಈ ರಗಳೆಯೇ ಇಲ್ಲ. ದುಡ್ಡು ದುಂಡಗೆ ನಿಲ್ಲುತ್ತದೆ, ಚಿಲ್ಲರೆಯೆಲ್ಲ ಪೆಟ್ರೋಲಿನ ಕಡೆ ಹೋಗುತ್ತದೆ. ಒಂದು ನೂರರ ನೋಟು, ಒಂದು ಹತ್ತರ ನಾಣ್ಯ, ವ್ಯವಹಾರ ಮುಗಿಯಿತು. ನೂರತ್ತು ಮೋಸ ತಡೆಯುವುದು ಸುಳ್ಳು, ಚಿಲ್ಲರೆ ಜಗಳ ತಡೆಯುವುದು ನಿಜ.

ಜಗಳ ಆಗುವುದು ಫುಲ್ ಟ್ಯಾಂಕಿನವರಲ್ಲಿ ಮತ್ತು ತೋಟದ ಕಳೆ ಕತ್ತರಿಸುವ ಯಂತ್ರಕ್ಕೆ ಲೀಟರ್ ಲೆಕ್ಕದಲ್ಲೇ ಒಯ್ಯುವ ನಮ್ಮಂಥವರಲ್ಲಿ. ಅಲ್ಲಿ ಮೀಟರ್ 512.37ಕ್ಕೆ ನಿಲ್ಲುತ್ತದೆ. ನೀವೇನು ಕೊಡುತ್ತೀರಿ? ಹತ್ತರಲ್ಲಿ ಒಂಬತ್ತು ಮಂದಿ 510 ಕೊಟ್ಟು ‘ಬಿಡಪ್ಪ ಅತ್ಲಾಗೆ’ ಅನ್ನುತ್ತಾರೆ, ಇಲ್ಲವೇ 520 ಕೊಟ್ಟು ಎಂಟು ರೂಪಾಯಿಗೆ ಕಾಯುತ್ತಾರೆ. ಈ ‘ಬಿಡಪ್ಪ’ ಯಾರ ಲೆಕ್ಕಕ್ಕೆ ಹೋಗುತ್ತದೆ ಎಂದು ಕೇಳಿಕೊಂಡವರು ಕಡಿಮೆ.

ಬಂಕ್ ಹುಡುಗನ ಲೆಕ್ಕ ಹೀಗೆ. ಪಾಳಿ ಶುರುವಾದಾಗ ಯಂತ್ರದ ರೀಡಿಂಗ್ ಬರೆದುಕೊಳ್ಳುತ್ತಾರೆ, ಮುಗಿದಾಗ ಇನ್ನೊಮ್ಮೆ ಬರೆಯುತ್ತಾರೆ. ಬೆಳಗ್ಗೆ ಅಳತೆ ನೋಡಲು ಹಿಡಿದು ವಾಪಸ್ ಟ್ಯಾಂಕಿಗೆ ಸುರಿದ ಲೀಟರುಗಳನ್ನು ಕಳೆದು, ಉಳಿದದ್ದನ್ನು ಆ ದಿನದ ಬೆಲೆಯಿಂದ ಗುಣಿಸಿದರೆ ಅವನು ಕಟ್ಟಬೇಕಾದ ದುಡ್ಡು. ಯಂತ್ರ ಪೈಸೆಯನ್ನು ಮರೆಯುವುದಿಲ್ಲ. ನಾನು ಮಾತಾಡಿಸಿದ ಹುಡುಗರೆಲ್ಲ ಹೇಳಿದ್ದು ಒಂದೇ, ಕಮ್ಮಿ ಬಿದ್ದರೆ ಸಂಬಳದಲ್ಲಿ ಹಿಡಿಯುತ್ತಾರೆ. ಹಾಗಾಗಿ ನೀವು ದೊಡ್ಡ ಮನಸ್ಸಿನಿಂದ ಕಡಿಮೆ ಕೊಟ್ಟ ಎರಡು ರೂಪಾಯಿ 37 ಪೈಸೆಯನ್ನು ಎಣ್ಣೆ ಕಂಪನಿ ಬಿಟ್ಟಿಲ್ಲ, ಮಾಲೀಕ ಬಿಟ್ಟಿಲ್ಲ. ಬಿಸಿಲಲ್ಲಿ ಟೋಪಿ ಹಾಕಿಕೊಂಡು ನಿಂತವನು ಕಟ್ಟಿದ್ದಾನೆ. ಅದನ್ನು ಸರಿದೂಗಿಸಲು ಅವನು ಮುಂದಿನ ಗಿರಾಕಿಗೆ ‘ಚಿಲ್ರೆ ಇಲ್ಲ’ ಅನ್ನುತ್ತಾನೆ. ಆ ಮುಂದಿನ ಗಿರಾಕಿ ಹೆಚ್ಚಾಗಿ ಒಂದೇ ಲೀಟರ್ ಹಾಕಿಸುವ ಕೂಲಿಯವನೋ, ಕೇಳಲು ಸಂಕೋಚಪಡುವ ಹೆಣ್ಣುಮಗಳೋ ಆಗಿರುತ್ತಾರೆ. ಕಾರಿನವನು ಉಳಿಸಿದ್ದನ್ನು ಮೊಪೆಡ್ಡಿನವನು ಕಟ್ಟುವುದು ಹೀಗೆ.

ಮಾಲೀಕನ ಕಡೆಯ ಅಂಕಿಯನ್ನೂ ನೋಡಿ. ಪೆಟ್ರೋಲಿನಲ್ಲಿ ಡೀಲರ್ ಕಮಿಷನ್ ಲೀಟರಿಗೆ ನಾಲ್ಕು ರೂಪಾಯಿ ಚಿಲ್ಲರೆ. 2024ರ ಅಕ್ಟೋಬರ್ ಕೊನೆಯಲ್ಲಿ 65 ಪೈಸೆ ಹೆಚ್ಚಿಸಿದ್ದೇ ದೊಡ್ಡ ಸುದ್ದಿಯಾಗಿತ್ತು. ನೂರು ರೂಪಾಯಿಯ ವ್ಯವಹಾರದಲ್ಲಿ ಎರಡು ರೂಪಾಯಿ ಚಿಲ್ಲರೆ ವಾಪಸ್ ಬರಲಿಲ್ಲ ಎಂದರೆ ಡೀಲರ್ ಕಮಿಷನ್ನಿನ ಹತ್ತಿರ ಹತ್ತಿರ ಅರ್ಧದಷ್ಟು ದುಡ್ಡು ಯಾವ ಪುಸ್ತಕಕ್ಕೂ ಏರದೆ ಕೈ ಬದಲಾಯಿಸಿತು. ನಮಗೆ ಅದು ಎರಡೇ ರೂಪಾಯಿ. ವ್ಯಾಪಾರದ ಕಣ್ಣಲ್ಲಿ ಸಣ್ಣದಲ್ಲ.

ಇದಕ್ಕೆ ಹೋಲಿಸಿದರೆ ನಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರೇ ಮೇಲು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ಟಿನ ಹಿಂದೆ ಬರೆದು ಗೀಟು ಎಳೆಯುತ್ತಾನೆ. ಇಳಿಯುವಾಗ ಮರೆತರೆ ತಪ್ಪು ನಮ್ಮದು, ಆದರೆ ಸಾಲ ಸಾಲವೇ, ಕೈಬರಹದಲ್ಲಿದೆ. ಬಂಕಿನಲ್ಲಿ ಸಾಲ ಬರೆಯುವ ಪದ್ಧತಿಯೇ ಬೆಳೆಯಲಿಲ್ಲ. 2016ರ ನವೆಂಬರಿನಲ್ಲಿ ನೋಟು ರದ್ದಾದಾಗ ಇದರ ಪರಾಕಾಷ್ಠೆ ನೋಡಿದೆವು. ಹಳೆಯ ಐನೂರನ್ನು ಬಂಕಿನಲ್ಲಿ ಡಿಸೆಂಬರ್ 2ರವರೆಗೆ ತೆಗೆದುಕೊಳ್ಳಬಹುದಿತ್ತು, ಆದರೆ ‘ಪೂರ್ತಿ ಐನೂರಕ್ಕೆ ಹಾಕಿಸಿದರೆ ಮಾತ್ರ’ ಎಂಬ ಮಾತು ಬಂತು. ಇನ್ನೂರರ ಪೆಟ್ರೋಲ್ ಬೇಕಿದ್ದವನು ಐನೂರರದ್ದು ಹಾಕಿಸಿಕೊಂಡು, ಬಾಯಿವರೆಗೆ ತುಂಬಿದ ಟ್ಯಾಂಕ್ ತುಳುಕಿಸಿಕೊಂಡು ಹೋದ.

ತುಂಬಿಸುವ ಮಾತು ಬಂದದ್ದರಿಂದ ಇನ್ನೊಂದು. ಫುಲ್ ಟ್ಯಾಂಕ್ ಅಂದಾಗ ನಾಝಲ್ ತಾನಾಗಿ ‘ಟಕ್’ ಎಂದು ಕಟ್ ಆಗುತ್ತದೆ. ಮೀಟರಿನಲ್ಲಿ 1,463 ಇದೆ ಅಂತಿಟ್ಟುಕೊಳ್ಳಿ. ಹುಡುಗ ಕೇಳುತ್ತಾನೆ, ‘ರೌಂಡ್ ಮಾಡ್ಲಾ ಸಾರ್?’ ನೀವು ತಲೆಯಾಡಿಸುತ್ತೀರಿ. ಅವನು ಸಣ್ಣಗೆ ಒತ್ತಿ ಒತ್ತಿ 1,500ಕ್ಕೆ ತರುತ್ತಾನೆ. ಈ ಸೇವೆಗೆ ನನ್ನ ಉತ್ತರ ಯಾವಾಗಲೂ ಬೇಡ. ಕಟ್ ಆದ ಮೇಲೆ ಉಳಿಯುವ ಜಾಗ ಪೆಟ್ರೋಲ್ ಕಾವಿಗೆ ಹಿಗ್ಗಲು ಬಿಟ್ಟದ್ದು. ಈಗಿನ ಗಾಡಿಗಳಲ್ಲಿ ಆವಿಯನ್ನು ಹೀರಿಕೊಳ್ಳುವ ಇದ್ದಿಲಿನ ಡಬ್ಬಿಯೊಂದಿರುತ್ತದೆ. ಒತ್ತಿ ತುಂಬಿಸಿದರೆ ಆವಿಯ ಬದಲು ಪೆಟ್ರೋಲೇ ಅದಕ್ಕೆ ನುಗ್ಗಿ ಡಬ್ಬಿ ಹಾಳಾಗಬಹುದು. ಮೂವತ್ತೇಳು ರೂಪಾಯಿ ದುಂಡಗಾಗಲಿ ಎಂದು ಸಾವಿರಾರು ರೂಪಾಯಿಯ ರಿಪೇರಿಗೆ ದಾರಿ ಮಾಡುವುದು ಯಾವ ಉಳಿತಾಯ?

ಕೊಸರಿನ ಸೀಮೆಯವರು ನಾವು. ಕಾಯಿ ಎಣಿಸುವಾಗ ‘ಲಾಭ’ ಎಂದೇ ಶುರುಮಾಡಿ, ನೂರಾದ ಮೇಲೆ ವ್ಯಾಪಾರಿ ಇನ್ನೊಂದಿಷ್ಟು ಕಾಯಿ ತನ್ನ ಕಡೆ ಎಳೆದುಕೊಳ್ಳುತ್ತಾನೆ, ನಾವು ನೋಡಿಯೂ ನೋಡದಂತೆ ಇರುತ್ತೇವೆ. ಮದುವೆ ಮುಯ್ಯಿಗೆ ನೂರು ಬರೆಸುವುದಿಲ್ಲ, ನೂರೊಂದು ಬರೆಸುತ್ತೇವೆ. ಹೂವಿನವಳು ಮೊಳ ಅಳೆದ ಮೇಲೆ ನಾಲ್ಕು ಬೆರಳು ಹೆಚ್ಚು ಬಿಡದಿದ್ದರೆ ಮುಖ ಸಿಂಡರಿಸುತ್ತೇವೆ. ಇವೆಲ್ಲದರಲ್ಲೂ ಹೆಚ್ಚಿನದು ಎಷ್ಟು, ಯಾರಿಂದ ಯಾರಿಗೆ ಎಂಬುದು ಇಬ್ಬರಿಗೂ ಗೊತ್ತಿದ್ದು ನಡೆಯುತ್ತದೆ. 2025ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಧಾರಣೆ ಇಪ್ಪತ್ತು ಸಾವಿರ ದಾಟಿ ಹೋಯಿತು. ಆಗಲೂ ಐವತ್ತು ರೂಪಾಯಿಗಾಗಿ ಮಂಡಿಯಲ್ಲಿ ಕೂತು ಮಾತಾಡಿದವರು ಅದೇ ಸಂಜೆ ಬಂಕಿನಲ್ಲಿ ಎಂಟು ರೂಪಾಯಿ ಬಿಟ್ಟು ಬಂದರು. ಕೊಟ್ಟದ್ದಲ್ಲ, ಕೇಳಲು ನಾಚಿಕೆಯಾಗಿ ಬಿಟ್ಟದ್ದು. ನನ್ನ ತಕರಾರು ಈ ನಾಚಿಕೆಯ ಮೇಲೆ.

ಆದ್ದರಿಂದ ನಾನು ಅನುಸರಿಸುವ ರೀತಿ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಯುಪಿಐ ಇದ್ದರೆ ಪೈಸೆಯವರೆಗೆ ಒತ್ತಿ ಕಳಿಸಿ, 512.37 ಅಂದರೆ 512.37. ಅದರಲ್ಲಿ ಜಿಪುಣತನವೇನೂ ಇಲ್ಲ, ಹುಡುಗನ ಲೆಕ್ಕ ಕೂಡುತ್ತದೆ. ನೋಟು ಕೊಡುವುದಾದರೆ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ನಿನ ಪದ್ಧತಿ ಸಾಕು: ಐವತ್ತು ಪೈಸೆ ಮತ್ತು ಮೇಲಿದ್ದರೆ ಮುಂದಿನ ರೂಪಾಯಿ, ಕೆಳಗಿದ್ದರೆ ಹಿಂದಿನದು. ಪೆಟ್ರೋಲ್ ಇನ್ನೂ ಜಿಎಸ್‌ಟಿಗೆ ಬಂದಿಲ್ಲ, ಆದರೂ ಒಳ್ಳೆಯ ರೂಢಿಯನ್ನು ಎಲ್ಲಿಂದಲಾದರೂ ಎರವಲು ತರಬಹುದು. ದಿನವಿಡೀ ಹೀಗೆ ನಡೆದರೆ ಮೇಲಿನದು ಕೆಳಗಿನದು ಸರಿಹೋಗುತ್ತದೆ. ಎಲ್ಲರೂ ಕೆಳಕ್ಕೇ ಇಳಿಸಿದರೆ ಮಾತ್ರ ಒಬ್ಬನ ಜೇಬು ಹರಿಯುತ್ತದೆ. ಗಾಳಿ ಹಿಡಿದ, ಗಾಜು ಒರೆಸಿದ ಹುಡುಗನಿಗೆ ಏನಾದರೂ ಕೊಡಬೇಕು ಅನಿಸಿದರೆ ಬಿಲ್ ಮುಗಿಸಿ, ಆಮೇಲೆ ಹತ್ತು ರೂಪಾಯಿ ಬೇರೆ ತೆಗೆದು ಅವನ ಕೈಗಿಡಿ. ಚಿಲ್ಲರೆಯಲ್ಲಿ ಉಳಿದುಹೋದದ್ದನ್ನು ದಾನ ಎಂದು ಕರೆಯಬೇಡಿ. ಕ್ರೆಡಿಟ್ ಕಾರ್ಡ್ ಉಜ್ಜುವವರು ಇನ್ನೊಂದು ನೋಡಿಕೊಳ್ಳಿ. ಇಂಧನಕ್ಕೆ ಶೇ 1ರ ಸರ್‌ಚಾರ್ಜ್ ಬೀಳುತ್ತದೆ, ಬ್ಯಾಂಕ್ ಅದನ್ನು ಒಂದು ಮಿತಿಯೊಳಗಿನ ಬಿಲ್ಲಿಗೆ ವಾಪಸ್ ಕೊಟ್ಟರೂ ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ. ಹುಡುಗನ ಎರಡು ರೂಪಾಯಿಗೆ ಕಣ್ಣು ಕೆಂಪು ಮಾಡುವವರು ತಿಂಗಳ ಸ್ಟೇಟ್‌ಮೆಂಟಿನ ಆ ಸಾಲನ್ನು ಓದುವುದೇ ಇಲ್ಲ.

ಬಂಕ್ ಮಾಲೀಕರಲ್ಲೂ ಒಂದು ಮನವಿ. ಪಾಳಿ ಶುರುವಾಗುವಾಗ ಹುಡುಗರ ಚೀಲಕ್ಕೆ ಒಂದು, ಎರಡು, ಐದು ರೂಪಾಯಿಯ ನಾಣ್ಯ ಹಾಕಿ ಕಳಿಸಿ. ಬ್ಯಾಂಕ್ ಶಾಖೆಗಳು ನಾಣ್ಯ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ, ಕೇಳಿ ತನ್ನಿ. ನೂರರ ಜೊತೆ ಹತ್ತರ ನಾಣ್ಯ ಕೊಡುವ ಗಿರಾಕಿಯನ್ನು ‘ಇದು ನಡೆಯಲ್ಲ’ ಎಂದು ವಾಪಸ್ ಕಳಿಸುವುದನ್ನೂ ನಿಲ್ಲಿಸಿ. ರೂಪಾಯಿ ಚಿಹ್ನೆ ಇರಲಿ ಇಲ್ಲದಿರಲಿ, ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ.