ಜೀವನದ ಗುರಿಯೂ ವ್ರತಸಂಕಲ್ಪವೂ

ಮನುಷ್ಯಜನ್ಮವು ದುರ್ಲಭವೆಂದು ಆಚಾರ್ಯರು ಮತ್ತೆ ಮತ್ತೆ ಹೇಳಿದ್ದಾರೆ. ಜಿನವಾಣಿಯ ಶ್ರವಣ, ನೀರೋಗವಾದ ಶರೀರ, ಸಜ್ಜನರ ಸಹವಾಸ ಇವು ಒಟ್ಟಿಗೆ ದೊರೆಯುವುದು ಇನ್ನೂ ದುರ್ಲಭ. ಇಷ್ಟೆಲ್ಲವೂ ದೊರೆತ ಮೇಲೆಯೂ ಬಹುಮಂದಿಯ ಆಯುಷ್ಯವು ಗೊತ್ತುಗುರಿಯಿಲ್ಲದೆ ಕಳೆದುಹೋಗುತ್ತದೆ. ಒಳ್ಳೆಯ ಬಯಕೆಗಳೇನೋ ಪ್ರತಿಯೊಂದು ಮನೆಯಲ್ಲಿಯೂ ಇವೆ. ಮಕ್ಕಳ ಮದುವೆ ಮುಗಿದ ಮೇಲೆ ಸ್ವಾಧ್ಯಾಯ ಮಾಡಬೇಕು, ಇನ್ನು ಮುಂದೆ ಕೋಪವನ್ನು ಕಡಿಮೆ ಮಾಡಬೇಕು, ಕೈಲಾದಷ್ಟು ದಾನಧರ್ಮ ಮಾಡಬೇಕು ಎಂದು ಹಿರಿಯರೂ ಕಿರಿಯರೂ ಅಂದುಕೊಳ್ಳುತ್ತಾರೆ. ಆದರೆ ಇಂತಹ ಬಯಕೆಗೆ ಆರಂಭದ ದಿನವಿಲ್ಲ, ಅಳತೆಯಿಲ್ಲ, ಅವಧಿಯಿಲ್ಲ. ಆದುದರಿಂದ ಅದು ನೆರವೇರಿತೋ ಇಲ್ಲವೋ ಎಂದು ಪರೀಕ್ಷಿಸುವುದಕ್ಕೂ ಸಾಧ್ಯವಾಗುವುದಿಲ್ಲ. ಬಯಕೆಯನ್ನು ಆಚರಣೆಗೆ ತರುವ ಕ್ರಮವನ್ನೇ ಶ್ರಾವಕಾಚಾರ ಗ್ರಂಥಗಳು ವ್ರತವೆಂಬ ಹೆಸರಿನಿಂದ ಬೋಧಿಸಿವೆ.

ಯಮ ಮತ್ತು ನಿಯಮ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಾಗವನ್ನು ಎರಡು ವಿಧವಾಗಿ ವಿಂಗಡಿಸಿದ್ದಾರೆ. ಜೀವವಿರುವವರೆಗೆ ಪಾಲಿಸತಕ್ಕದ್ದು ಯಮ. ಗೊತ್ತಾದ ಕಾಲದವರೆಗೆ ಪಾಲಿಸತಕ್ಕದ್ದು ನಿಯಮ. ಭೋಜನ, ವಾಹನ, ಶಯನ, ಸ್ನಾನ, ತಾಂಬೂಲ, ವಸ್ತ್ರ, ಆಭರಣ, ಸಂಗೀತ ಮೊದಲಾದವುಗಳಲ್ಲಿ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು ಅಥವಾ ಅಯನದವರೆಗೆ ಮಿತಿಯನ್ನು ಮಾಡಿಕೊಳ್ಳಬಹುದೆಂದು ಅವರು ತಿಳಿಸಿದ್ದಾರೆ. ಗೃಹಸ್ಥನ ದುರ್ಬಲತೆಯನ್ನು ಅರಿತೇ ಆಚಾರ್ಯರು ಈ ಮೆಟ್ಟಿಲುಗಳನ್ನು ಕಟ್ಟಿಕೊಟ್ಟಿದ್ದಾರೆ. ಒಂದು ಹಗಲಿನ ನಿಯಮವನ್ನು ಪಾಲಿಸಬಲ್ಲವನು ಪಕ್ಷದ ನಿಯಮಕ್ಕೆ ಅರ್ಹನಾಗುತ್ತಾನೆ. ಪಕ್ಷವನ್ನು ಗೆದ್ದವನು ಅಯನಕ್ಕೆ ಅರ್ಹನಾಗುತ್ತಾನೆ.

ಕನ್ನಡ ನಾಡಿನ ಶ್ರಾವಿಕೆಯರು ಆಚರಿಸಿಕೊಂಡು ಬಂದ ನೋಂಪಿಗಳಲ್ಲಿಯೂ ಇದೇ ಶಿಸ್ತು ಇದೆ. ಅನಂತನ ನೋಂಪಿಯನ್ನು ಭಾದ್ರಪದ ಶುಕ್ಲ ಚತುರ್ದಶಿಯಂದು ಹಿಡಿದು 14 ವರ್ಷ ನಡೆಸಿ ಉದ್ಯಾಪನೆ ಮಾಡುತ್ತಾರೆ. ಯಾವ ದಿನ, ಯಾವ ವಿಧಿ, ಎಷ್ಟು ವರ್ಷ, ಮುಕ್ತಾಯ ಹೇಗೆ ಎಂಬುದೆಲ್ಲ ಮೊದಲೇ ನಿಶ್ಚಿತ. ಉದ್ಯಾಪನೆಗೆ ಬೇಕಾದ ಧನಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಬಹುದೆಂದು ನೋಂಪಿಯ ಕಥೆಗಳಲ್ಲಿ ಹೇಳಿರುವುದರಿಂದ, ಬಡವರಿಗೂ ಈ ದಾರಿ ಮುಚ್ಚಿಲ್ಲ.

ಶಕ್ತಿಯನ್ನು ಅರಿತು ಹಿಡಿಯಬೇಕು

ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಷೋಡಶ ಭಾವನೆಗಳಲ್ಲಿ ಶಕ್ತಿತಸ್ತ್ಯಾಗ ಮತ್ತು ಶಕ್ತಿತಸ್ತಪ ಎಂಬ ಎರಡು ಭಾವನೆಗಳಿವೆ. ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿಗೆ ತಕ್ಕಂತೆ' ಎಂಬ ವಿಶೇಷಣವನ್ನು ಸೇರಿಸಿರುವುದು ಮನನೀಯ. ಶಕ್ತಿಯನ್ನು ಬಚ್ಚಿಡುವುದೂ ದೋಷ, ಶಕ್ತಿಯನ್ನು ಮೀರುವುದೂ ದೋಷ.

ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಖದಿರಸಾರನ ಕಥೆಯು ಇದಕ್ಕೆ ದೃಷ್ಟಾಂತ. ವಿಂಧ್ಯದ ಅಡವಿಯಲ್ಲಿದ್ದ ಈ ಬೇಡನು ಸಮಾಧಿಗುಪ್ತ ಮುನಿಗಳನ್ನು ಕಂಡು ನಮಸ್ಕರಿಸಿದನು. ಮುನಿಗಳು ಮಾಂಸತ್ಯಾಗವನ್ನು ಉಪದೇಶಿಸಲು, ಅದು ತನ್ನಿಂದಾಗದೆಂದು ಅವನು ಒಪ್ಪಿಕೊಂಡನು. ಮುನಿಗಳು ಅವನನ್ನು ನಿಂದಿಸಲಿಲ್ಲ. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಕೇಳಿದರು. ತಿಂದಿಲ್ಲವೆಂದು ಅವನು ಹೇಳಿದಾಗ, ಹಾಗಾದರೆ ಅದನ್ನೇ ಬಿಡು ಎಂದರು. ಅವನು ಸಂತೋಷದಿಂದ ವ್ರತವನ್ನು ಹಿಡಿದನು.

ಎಂದೂ ತಿನ್ನದಿದ್ದುದನ್ನು ಬಿಡುವುದರಲ್ಲಿ ಏನು ಹೆಚ್ಚಳವೆಂದು ಕೇಳುವವರುಂಟು. ಅದರ ಬೆಲೆ ಅವನು ರೋಗದಿಂದ ಮಲಗಿದಾಗ ತಿಳಿಯಿತು. ಕಾಗೆಯ ಮಾಂಸವೇ ಔಷಧವೆಂದು ವೈದ್ಯರು ಹೇಳಿದರು, ಬಂಧುಗಳು ಒತ್ತಾಯಿಸಿದರು. ಪ್ರಾಣ ಹೋದರೂ ವ್ರತವನ್ನು ಬಿಡೆನೆಂದು ಖದಿರಸಾರನು ನಿಂತನು. ಕೊನೆಗೆ ಎಲ್ಲ ಮಾಂಸವನ್ನೂ ತ್ಯಜಿಸಿ ಶ್ರಾವಕವ್ರತಗಳನ್ನು ಸ್ವೀಕರಿಸಿ ದೇವಗತಿಯನ್ನು ಪಡೆದನು. ಆ ಜೀವನೇ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಮಹಾವೀರಸ್ವಾಮಿಯ ಸಮವಸರಣದಲ್ಲಿ ಮುಖ್ಯ ಶ್ರೋತೃವಾದನು. ಮೊದಲು ಅಸಾಧ್ಯವಾಗಿದ್ದ ಪೂರ್ಣತ್ಯಾಗವು ಒಂದು ಅಲ್ಪನಿಯಮದ ಬಲದಿಂದ ಸಾಧ್ಯವಾಯಿತು.

ಮಿತಿ ಸ್ಪಷ್ಟವಾಗಿರಬೇಕು

ಅಹಿಂಸಾಣುವ್ರತದಲ್ಲಿ ಪ್ರಸಿದ್ಧನಾದವನೆಂದು ಸಮಂತಭದ್ರಾಚಾರ್ಯರು ಸ್ಮರಿಸಿದ ಮಾತಂಗನು ಯಮಪಾಲ. ವಧೆಯ ಕೆಲಸವೇ ಅವನ ವೃತ್ತಿ. ಚತುರ್ದಶಿಯಂದು ಜೀವವಧೆ ಮಾಡುವುದಿಲ್ಲವೆಂಬ ಒಂದೇ ವ್ರತವನ್ನು ಅವನು ಮುನಿಗಳಿಂದ ಪಡೆದಿದ್ದನು. ಮರಣದಂಡನೆಗೆ ಗುರಿಯಾದ ರಾಜಕುಮಾರನನ್ನು ಅದೇ ದಿನ ಕೊಲ್ಲಬೇಕೆಂದು ರಾಜಾಜ್ಞೆಯಾಯಿತು. ಕುಮಾರನ ಆಭರಣಗಳು ಕೊಂದವನಿಗೆ ಸೇರುತ್ತಿದ್ದುವು. ಕೊಲ್ಲದಿದ್ದರೆ ತನ್ನ ಪ್ರಾಣಕ್ಕೇ ಅಪಾಯ. ಆದರೂ ಯಮಪಾಲನು ಒಪ್ಪಲಿಲ್ಲ. ಕ್ರೂರ ಜಲಚರಗಳಿದ್ದ ಮಡುವಿಗೆ ಅವನನ್ನು ಎಸೆದಾಗ ದೇವತೆಗಳು ರಕ್ಷಿಸಿ ಪೂಜಿಸಿದರು. 'ಆದಷ್ಟು ಹಿಂಸೆಯನ್ನು ಕಡಿಮೆ ಮಾಡುವೆನು' ಎಂಬ ಮಾತ್ರದ ಸಂಕಲ್ಪ ಅವನದಾಗಿದ್ದರೆ, ಇದೊಂದು ಸಲ ಇರಲಿ ಎಂದು ಮನಸ್ಸು ಸಮಾಧಾನ ಹೇಳುತ್ತಿತ್ತು. ತಿಥಿಯು ನಿಶ್ಚಿತವಾಗಿದ್ದುದರಿಂದ ಅಂತಹ ನೆಪಕ್ಕೆ ಎಡೆಯಿರಲಿಲ್ಲ.

ಪರಿಗ್ರಹಪರಿಮಾಣ ವ್ರತದಲ್ಲಿಯೂ ಈ ಸ್ಪಷ್ಟತೆ ಅವಶ್ಯಕ. ಹೊಲ-ಮನೆ, ಬೆಳ್ಳಿ-ಬಂಗಾರ, ಧನ-ಧಾನ್ಯ, ಬಟ್ಟೆ-ಪಾತ್ರೆ ಮೊದಲಾದವುಗಳಿಗೆ ಪ್ರತ್ಯೇಕ ಪ್ರತ್ಯೇಕವಾಗಿ ಅಳತೆಯನ್ನು ಮಾಡಿಕೊಳ್ಳಬೇಕೆಂಬುದು ಶಾಸ್ತ್ರದ ಕ್ರಮ. ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಉಂಟು. ವಸ್ತುವಿಗಿಂತ ಮೊದಲು ಇಚ್ಛೆಯನ್ನು ಅಳೆಯಬೇಕೆಂಬ ಅರ್ಥವು ಆ ಹೆಸರಿನಲ್ಲಿಯೇ ಅಡಗಿದೆ. ಎರಡು ಎಕರೆ ಹೊಲವಿರುವವನು ನೂರು ಎಕರೆಯ ಮಿತಿಯನ್ನು ಬರೆದಿಟ್ಟರೆ ಇಚ್ಛೆಗೆ ಕಡಿವಾಣ ಬೀಳುವುದಿಲ್ಲ. ಸಂಸಾರದ ನಿಜವಾದ ಅಗತ್ಯವನ್ನು ಗಂಡಹೆಂಡಿರು ಕೂಡಿ ಲೆಕ್ಕಹಾಕಿ, ಮಿತಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮೀರಿ ಬಂದುದನ್ನು ಆಹಾರ, ಅಭಯ, ಭೈಷಜ್ಯ, ಶಾಸ್ತ್ರದಾನಗಳಿಗೆ ವಿನಿಯೋಗಿಸುವುದು ಉತ್ತಮ. ಆಗ ಗಳಿಕೆಗೂ ಒಂದು ಗುರಿ ದೊರೆಯುತ್ತದೆ, ಮನೆಯ ಮಕ್ಕಳಿಗೂ ಒಂದು ಪಾಠವಾಗುತ್ತದೆ.

ಶಲ್ಯವಿಲ್ಲದ ವ್ರತ

ಶಲ್ಯರಹಿತನೇ ವ್ರತಿಯೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಮಾಯಾ, ಮಿಥ್ಯಾ, ನಿದಾನ ಇವು ಮೂರು ಶಲ್ಯಗಳು. ಕಾಲಿನಲ್ಲಿ ಮುರಿದುಳಿದ ಮುಳ್ಳಿನಂತೆ ಇವು ಹೊರಗೆ ಕಾಣದೆ ಒಳಗೆ ನೋಯಿಸುತ್ತವೆ.

ದಶಲಕ್ಷಣ ಪರ್ವದಲ್ಲಿ ನೆರೆಮನೆಯವರು ಐದು ಉಪವಾಸ ಮಾಡಿದರೆಂದು ತಾನು ಹತ್ತು ಮಾಡಲು ಹೊರಟರೆ, ಹತ್ತನೆಯ ದಿನದ ಸನ್ಮಾನದ ಕಡೆಗೇ ಮನಸ್ಸು ಓಡಿದರೆ, ಅಲ್ಲಿ ಮಾಯಾಶಲ್ಯವಿದೆ. ಮಗಳಿಗೆ ಸಂಬಂಧ ಕೂಡಿಬಂದರೆ, ನ್ಯಾಯಾಲಯದ ವ್ಯಾಜ್ಯ ಗೆದ್ದರೆ ಇಂತಿಷ್ಟು ಉಪವಾಸವೆಂದು ಮಾತುಕೊಡುವುದು ವ್ರತವನ್ನು ವ್ಯಾಪಾರಕ್ಕೆ ಇಳಿಸಿದಂತೆ. ವೀತರಾಗನಾದ ಜಿನನು ಕೊಡುವವನೂ ಅಲ್ಲ, ಕಸಿದುಕೊಳ್ಳುವವನೂ ಅಲ್ಲ. ಮುಂದಿನ ಭೋಗಕ್ಕಾಗಿ ಇಂದಿನ ತಪಸ್ಸನ್ನು ಒತ್ತೆಯಿಡುವುದೇ ನಿದಾನ. ದೇಹಾದಿಗಳನ್ನೇ ತಾನೆಂದು ತಿಳಿಯುವ ವಿಪರೀತ ಶ್ರದ್ಧೆಯು ಮಿಥ್ಯಾಶಲ್ಯ. ಕಷಾಯವು ತಗ್ಗಿ ಪರಿಣಾಮವು ಶುದ್ಧವಾಗಬೇಕೆಂಬುದೊಂದೇ ವ್ರತಕ್ಕೆ ಯೋಗ್ಯವಾದ ಗುರಿ. ಅನ್ನವನ್ನು ಬಿಟ್ಟು ಸಿಡುಕನ್ನು ಉಳಿಸಿಕೊಂಡ ದಿನವು ಕೇವಲ ಲಂಘನದ ದಿನವಾಗುತ್ತದೆ.

ಗರ್ಭಿಣಿಯರು, ಬಾಣಂತಿಯರು, ಮಧುಮೇಹ ಮೊದಲಾದ ವ್ಯಾಧಿಗಳಿಗೆ ಔಷಧ ಸೇವಿಸುವವರು ಉಪವಾಸವನ್ನು ಹಿಡಿಯುವ ಮೊದಲು ವೈದ್ಯರ ಸಲಹೆಯನ್ನು ಪಡೆಯತಕ್ಕದ್ದು. ಅವರಿಗೆ ರಸತ್ಯಾಗ, ಮೌನ, ಸ್ವಾಧ್ಯಾಯ, ಜಪ ಮೊದಲಾದ ನಿಯಮಗಳು ಇದ್ದೇ ಇವೆ. ಮನೆಯ ಹಿರಿಯರು ಅಂತಹವರನ್ನು ಉಪವಾಸಕ್ಕೆ ಒತ್ತಾಯಿಸಬಾರದು.

ಭಂಗವಾದರೆ ಮಾಡಬೇಕಾದುದು

ವ್ರತದಿಂದ ಜಾರುವಿಕೆಯನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರವೆಂದು ನಾಲ್ಕು ಹಂತಗಳಲ್ಲಿ ಅಮಿತಗತಿ ಆಚಾರ್ಯರು ವಿವರಿಸಿದ್ದಾರೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಒಬ್ಬ ಅಂಗಡಿಕಾರನನ್ನು ತೆಗೆದುಕೊಳ್ಳಬಹುದು. ಕತ್ತಲಾದ ಮೇಲೆ ಮನೆಗೆ ಬಂದಾಗ ಉಣ್ಣುವ ಆಸೆ ಮನಸ್ಸಿನಲ್ಲಿ ಎದ್ದರೆ ಅತಿಕ್ರಮ. ನಿಯಮದ ಬೇಲಿಯನ್ನು ದಾಟಿ ಅಡಿಗೆಮನೆಯ ಕಡೆಗೆ ಹೆಜ್ಜೆಯಿಟ್ಟರೆ ವ್ಯತಿಕ್ರಮ. ಒಮ್ಮೆ ತಿಂದುಬಿಟ್ಟರೆ ಅತಿಚಾರ. ಪಶ್ಚಾತ್ತಾಪವೇ ಇಲ್ಲದೆ ಅದರಲ್ಲಿ ಮುಳುಗಿದರೆ ಅನಾಚಾರ. ವ್ರತವು ಮೊದಲು ಬಿರುಕುಬಿಡುವುದು ಮನಸ್ಸಿನಲ್ಲಿ; ಆದುದರಿಂದ ಕಾವಲೂ ಅಲ್ಲಿಂದಲೇ ಆರಂಭವಾಗಬೇಕು. ಆ ಅಂಗಡಿಕಾರನು ಸೂರ್ಯಾಸ್ತಕ್ಕೆ ಮೊದಲೇ ಉಣ್ಣಲು ಬುತ್ತಿಯನ್ನು ಅಂಗಡಿಗೆ ಒಯ್ದರೆ ಅರ್ಧ ಕಷ್ಟವು ತಾನಾಗಿ ನೀಗುತ್ತದೆ.

ಅಕಸ್ಮಾತ್ ದೋಷವಾದರೆ 'ಹೇಗೂ ಮುರಿಯಿತು' ಎಂದು ವ್ರತವನ್ನೇ ಕೈಬಿಡುವುದು ಸರಿಯಲ್ಲ. ದೋಷವನ್ನು ಗುರುಗಳ ಸನ್ನಿಧಿಯಲ್ಲಿ, ಗುರುಗಳಿಲ್ಲದಿದ್ದರೆ ಜಿನಬಿಂಬದ ಮುಂದೆ ಆಲೋಚನೆ ಮಾಡಿ, ಪ್ರಾಯಶ್ಚಿತ್ತವನ್ನು ಸ್ವೀಕರಿಸಿ, ನಿಯಮವನ್ನು ಮರಳಿ ಹಿಡಿಯಬೇಕು. ಪ್ರತಿದಿನ ಸಂಜೆ ಸಾಮಾಯಿಕದ ಸಮಯದಲ್ಲಿ ಅಂದಿನ ನಿಯಮವನ್ನು ನೆನೆದು ನೋಡುವವನಿಗೆ ಸಣ್ಣ ದೋಷವು ದೊಡ್ಡದಾಗಿ ಬೆಳೆಯುವುದಕ್ಕೆ ಮೊದಲೇ ಕಾಣಿಸುತ್ತದೆ.

ಮನೆಮಂದಿಯ ಮನನಕ್ಕೆ

1. ಯಮಕ್ಕೂ ನಿಯಮಕ್ಕೂ ಇರುವ ಭೇದವೇನು? ಮನೆಯಲ್ಲಿ ಈಗ ಪಾಲಿಸುತ್ತಿರುವ ತ್ಯಾಗಗಳು ಯಾವ ವಿಧಕ್ಕೆ ಸೇರುತ್ತವೆ?
2. ಖದಿರಸಾರನಿಗೆ ಮುನಿಗಳು ಅಷ್ಟು ಸಣ್ಣ ವ್ರತವನ್ನು ಕೊಟ್ಟುದರ ಕಾರಣವೇನು?
3. ಪರಿಗ್ರಹಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಹೆಸರು ಹೇಗೆ ಸಾರ್ಥಕವಾಗಿದೆ?
4. ಮುಂದಿನ ಅಷ್ಟಮಿಯಿಂದ ಒಂದು ಪಕ್ಷದವರೆಗೆ ಪಾಲಿಸಬಹುದಾದ ಒಂದು ನಿಯಮವನ್ನು ಪ್ರತಿಯೊಬ್ಬರೂ ಆರಿಸಿ, ವಸ್ತು, ಅಳತೆ, ಅವಧಿಗಳೊಡನೆ ಬರೆದಿಡತಕ್ಕದ್ದು. ಅವಧಿ ಮುಗಿದ ದಿನ ಮನೆಯವರೆಲ್ಲರೂ ಕೂಡಿ ಅದನ್ನು ಓದಿ ನೋಡಿ, ಮುಂದಿನ ನಿಯಮವನ್ನು ನಿಶ್ಚಯಿಸಬೇಕು.