ರದ್ದಿಯಲ್ಲಿ ಕಟ್ಟಿದ ಪುಟಾಣಿಯ ಮನೆ

ನಮ್ಮ ಪಿಜಿ ರೂಮಿನಲ್ಲಿ ನಾವು ಮೂವರು, ಜೊತೆಗೆ ಪುಟಾಣಿ. ಪುಟಾಣಿ ಅಂದ್ರೆ 40 ಗ್ರಾಂ ತೂಕದ ಡ್ವಾರ್ಫ್ ಹ್ಯಾಮ್‌ಸ್ಟರ್. ಅಂಗಡಿಯಲ್ಲಿ ಆಟಿಕೆಗಳ ಬೆಲೆ ಕೇಳಿ ತಲೆ ತಿರುಗಿತು. ಅವಳ ಮನೆಯನ್ನ ರದ್ದಿಯಲ್ಲೇ ಕಟ್ಟೋಣ ಅಂತ ಹೊರಟೆವು.

ಹೋದ ಸೆಮಿಸ್ಟರ್‌ನಲ್ಲಿ ಒಂದು ಐಸ್‌ಕ್ರೀಮ್ ಡಬ್ಬವನ್ನು ಫಿನಾಯಿಲ್ ಹಾಕಿ ಘಮ್ಮನ್ನೋ ಹಾಗೆ ತೊಳೆದು ಒಳಗಿಟ್ಟೆವು. ಸಂಜೆಗೆ ಪುಟಾಣಿ ಸೀನುತ್ತಾ, ಉಸಿರಿಗೆ ಒದ್ದಾಡುತ್ತಾ ಮೂಲೆ ಸೇರಿದ್ದಳು. ಪಶುವೈದ್ಯರು ಮೊದಲು ಕೇಳಿದ್ದೇ "ಏನು ಹಾಕಿ ತೊಳೆದ್ರಿ?" ಅಂತ. ಎರಡು ದಿನ ನಮಗೆ ನಿದ್ದೆಯಿಲ್ಲ. ಅವಳೇನೋ ಚೇತರಿಸಿಕೊಂಡಳು, ನಾವು ಮಾತ್ರ ಪಾಠ ಓದಲು ಕೂತೆವು.

ಲೆಕ್ಕ ನೋಡಿ: ನಾವು 60 ಕೆಜಿ, ಅವಳು 40 ಗ್ರಾಂ. ವ್ಯತ್ಯಾಸ 1500 ಪಟ್ಟು! ಸಾಲದ್ದಕ್ಕೆ ಸಿಕ್ಕಿದ್ದನ್ನೆಲ್ಲ ಕಡಿಯುತ್ತಾಳೆ, ಕಾಲು ನೆಕ್ಕುತ್ತಾಳೆ. ನಮಗೆ ಲೆಕ್ಕಕ್ಕಿಲ್ಲದಷ್ಟು ಉಳಿದ ಕೆಮಿಕಲ್ ಅವಳಿಗೆ ಜಾಸ್ತಿಯೇ.

ಮೊದಲು ಆರಿಸಿ

ಡಿಟರ್ಜೆಂಟ್, ಪೇಂಟ್, ಔಷಧ ಇದ್ದ ಡಬ್ಬ ಬೇಡವೇ ಬೇಡ. ಎಣ್ಣೆ ಹಿಡಿದ ಪಿಜ್ಜಾ ಬಾಕ್ಸ್ ಕೂಡ ಬೇಡ. ಟೇಪ್, ಲೇಬಲ್, ಸ್ಟೇಪ್ಲರ್ ಪಿನ್ ಎಲ್ಲ ತೆಗೆಯಿರಿ. ಅಂಗಡಿ ಬಿಲ್‌ನ ಥರ್ಮಲ್ ಪೇಪರ್ ಹರಿದು ಹಾಸಬೇಡಿ, ಅದಕ್ಕೆ ಕೆಮಿಕಲ್ ಲೇಪನ ಇರುತ್ತೆ. ಹಳೇ ಟೀ-ಶರ್ಟ್‌ನ ದಾರ ಕಾಲಿಗೆ ಸುತ್ತಿಕೊಳ್ಳುತ್ತೆ. ಹಾಸಿಗೆಗೆ ವಾಸನೆಯಿಲ್ಲದ ಬಿಳಿ ಟಿಶ್ಯೂ ಸಾಕು.

ರಟ್ಟು

ರಟ್ಟನ್ನು ತೊಳೆಯೋಕಾಗಲ್ಲ. ಯಾವ ದ್ರವ ಹಾಕಿದರೂ ಒಳಗೇ ಹೀರಿಕೊಂಡು ಕೂರುತ್ತೆ. ಹಾಗಾಗಿ ಒಣಗಿದ, ಕಲೆಯಿಲ್ಲದ ರಟ್ಟನ್ನೇ ತಗೊಳ್ಳಿ. ಕವರ್‌ನಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಎರಡು-ಮೂರು ದಿನ ಇಟ್ಟರೆ ಹುಳ, ನುಸಿ ಬಹುಮಟ್ಟಿಗೆ ಸಾಯುತ್ತವೆ. ಬ್ಯಾಕ್ಟೀರಿಯಾ ಮಾತ್ರ ಚಳಿಗೆ ಸಾಯಲ್ಲ. ಮೂತ್ರ ತಾಗಿ ಒದ್ದೆಯಾದ ರಟ್ಟು ಸೀದಾ ಕಸಕ್ಕೆ. ಟಿಶ್ಯೂ ರೋಲ್ ಕೊಡುವಾಗ ಉದ್ದಕ್ಕೆ ಸೀಳಿ ಕೊಡಿ, ಇಲ್ಲಾಂದ್ರೆ ಒಳಗೇ ಸಿಕ್ಕಿಹಾಕಿಕೊಳ್ಳಬಹುದು.

ಗಾಜು, ಸ್ಟೀಲ್, ತೆಂಗಿನ ಚಿಪ್ಪು

ಸೋಪಿನಲ್ಲಿ ತೊಳೆದು ಹತ್ತು ನಿಮಿಷ ಕುದಿಸಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಜಾಮ್ ಬಾಟಲಿಯನ್ನು ತಣ್ಣೀರಿನಲ್ಲಿಟ್ಟು ಆಮೇಲೆ ಒಲೆ ಹಚ್ಚಿ. ಕುದಿಯೋ ನೀರಿಗೆ ಹಾಕಿದರೆ ಥರ್ಮಲ್ ಶಾಕ್‌ಗೆ ಸೀಳುತ್ತೆ. ಚಿಪ್ಪಿನ ನಾರು, ಉಳಿದ ಕಾಯಿ ಪೂರ್ತಿ ಹೆರೆದು, ಕುದಿಸಿ, ಎರಡು ದಿನ ಬಿಸಿಲಿಗಿಡಿ. ತೇವ ಉಳಿದರೆ ಬೂಷ್ಟು ಗ್ಯಾರಂಟಿ.

ಪ್ಲಾಸ್ಟಿಕ್

ಮಾಮೂಲಿ ದಿನಗಳಲ್ಲಿ ಪಾತ್ರೆ ಸೋಪು, ಬಿಸಿನೀರು ಸಾಕು. ಪ್ರಾಣಿಗೆ ಕಾಯಿಲೆ ಬಂದು ಹೋಗಿದ್ದರೆ ಮಾತ್ರ ಬ್ಲೀಚ್. ಬೇಕಾದದ್ದು 0.1% ದ್ರಾವಣ. ನಮ್ಮ ಹಳೇ ಸೂತ್ರವೇ: ಸಿ1ವಿ1 = ಸಿ2ವಿ2. ಬಾಟಲಿ ಮೇಲೆ ಸೋಡಿಯಂ ಹೈಪೋಕ್ಲೋರೈಟ್ 4% ಅಂತಿದ್ದರೆ 25 ಎಂಎಲ್ ಬ್ಲೀಚ್‌ಗೆ 975 ಎಂಎಲ್ ನೀರು. ಹತ್ತು ನಿಮಿಷ ನೆನೆಸಿ, ನಾಲ್ಕೈದು ಸಲ ಜಾಲಿಸಿ, ಪೂರ್ತಿ ಒಣಗಿಸಿ. ದ್ರಾವಣವನ್ನು ಆಯಾ ದಿನವೇ ಮಾಡಿಕೊಳ್ಳಿ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಮೂತ್ರದಿಂದ ಅಮೋನಿಯಾ ಬರುತ್ತೆ. ಅದರ ಮೇಲೆ ಬ್ಲೀಚ್ ಸುರಿದರೆ ಕ್ಲೋರಮೀನ್ ಅನಿಲ. ಅದಕ್ಕೇ ಮೊದಲು ಸೋಪಿನಲ್ಲಿ ತೊಳೀಬೇಕು. ಕೊಳೆ ಇದ್ದರೆ ಬ್ಲೀಚ್ ಅದರ ಮೇಲೇ ಖರ್ಚಾಗಿ ಹೋಗುತ್ತೆ ಅನ್ನೋದೂ ನೆನಪಿರಲಿ. ಎರಡು, ಮೂತ್ರದ ಬಿಳಿ ಕಲೆ ತೆಗೆಯಲು ವಿನೆಗರ್ ಒಳ್ಳೇದು, ಆದರೆ ಬ್ಲೀಚ್ ಜೊತೆ ಬೆರೆತರೆ ಕ್ಲೋರಿನ್! ಮುಚ್ಚಿದ ಬಾತ್‌ರೂಮಿನಲ್ಲಿ ಮೊದಲು ಬೀಳೋದು ನಾವೇ.

ಕೊನೆಯ ಪರೀಕ್ಷೆ ಸುಲಭ: ಒಣಗಿದ ಮೇಲೆ ಮೂಗಿನ ಹತ್ತಿರ ಹಿಡೀರಿ. ಯಾವ ವಾಸನೆಯೂ ಬರಬಾರದು, ಸುವಾಸನೆ ಕೂಡ.

ಪುಟಾಣಿ ಈಗ ತೆಂಗಿನ ಚಿಪ್ಪಿನಡಿ ಮಲಗ್ತಾಳೆ. ಫಿನಾಯಿಲ್ ಬಾಟಲಿ ಬಾತ್‌ರೂಮ್ ದಾಟಿ ಈಚೆ ಬರಲ್ಲ.