ಹಿಮದ ಹಾದಿಗೆ ಮೋಟಾರ್‌ಹೋಮ್: ಹೊರಡುವ ಮುನ್ನ ಕಾಗದಪತ್ರ ನೋಡಿ

ನಮ್ಮಲ್ಲಿ ಬಿಸಿಲು ಸುಡುವ ಮೇ ತಿಂಗಳಲ್ಲಿ ಮನಾಲಿ–ಲೇಹ್ ಹೆದ್ದಾರಿಯ ಬಾರಾಲಾಚಾ ಲಾದಲ್ಲಿ ಇನ್ನೂ ಹಿಮ ಇರುತ್ತದೆ. ಸುಮಾರು 16,000 ಅಡಿ ಎತ್ತರದ ಜಾಗ ಅದು. ಗಡಿ ರಸ್ತೆಗಳ ಸಂಸ್ಥೆ (ಬಿಆರ್‌ಒ) ಹಿಮ ಕಡಿದು ದಾರಿ ಬಿಡಿಸಿದ್ದರೂ ಒಂದೇ ಹಿಮಪಾತಕ್ಕೆ ಅದು ಮತ್ತೆ ಮುಚ್ಚಬಹುದು. ರಜೆಯಲ್ಲಿ ಮೋಟಾರ್‌ಹೋಮ್ ಬಾಡಿಗೆಗೆ ಪಡೆದು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಅಲ್ಲಿಗೆ ಹೊರಡುವವರು ಕಾನೂನಿನ ಕೆಲವು ಸಂಗತಿಗಳನ್ನು ಊರಿನಲ್ಲೇ ತಿಳಿದುಕೊಳ್ಳಬೇಕು.

ಮೊದಲು ನಂಬರ್ ಪ್ಲೇಟ್ ನೋಡಿ

ನೀವೇ ಓಡಿಸುವ ಬಾಡಿಗೆ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಚಾಲಕರ ಸಮೇತ ಬರುವ ವಾಹನಕ್ಕೆ ಹಳದಿ ಫಲಕ, ಕಪ್ಪು ಅಕ್ಷರ. ಬಿಳಿ ಬೋರ್ಡಿನ ಖಾಸಗಿ ವಾಹನವನ್ನು ಬಾಡಿಗೆಗೆ ಕೊಡುವಂತಿಲ್ಲ. ಪರ್ಮಿಟ್ ಇಲ್ಲದೆ ಹೀಗೆ ಬಳಸಿದರೆ ಮೋಟಾರು ವಾಹನ ಕಾಯ್ದೆಯ ಕಲಂ 192ಎ ಪ್ರಕಾರ ಮೊದಲ ಬಾರಿಗೇ 10,000 ರೂಪಾಯಿ ದಂಡ ಮತ್ತು 6 ತಿಂಗಳವರೆಗೆ ಸಜೆ ಆಗಬಹುದು. ಈ ಕಲಂ ಮಾಲೀಕರಿಗಷ್ಟೇ ಅಲ್ಲ, ಓಡಿಸಿದವರಿಗೂ ಅನ್ವಯಿಸುತ್ತದೆ. ಅಪಘಾತವಾದರೆ ‘ಬಾಡಿಗೆಗೆ ಬಳಸಿದ್ದೀರಿ’ ಎಂದು ವಿಮಾ ಕಂಪನಿ ಕೈ ಎತ್ತಲೂ ದಾರಿಯಾಗುತ್ತದೆ.

ವ್ಯಾನಿಗೆ ಮಂಚ, ಒಲೆ ಕೂರಿಸಿ ಮೋಟಾರ್‌ಹೋಮ್ ಮಾಡಿದ್ದರೆ ಆರ್‌ಸಿಯಲ್ಲಿ ಆ ಬದಲಾವಣೆಯ ನಮೂದು ಇದೆಯೇ ನೋಡಿ. ಕಲಂ 52ಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಿದ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಸಜೆ ಅಥವಾ ಎರಡೂ ಆಗಬಹುದು.

ಕರಾರಿನಲ್ಲಿ ಏನಿರಬೇಕು?

ರಸ್ತೆ ಮುಚ್ಚಿದರೆ ಹಣ ಎಷ್ಟು ವಾಪಸ್? ಹಿಮದಲ್ಲಿ ಸಿಕ್ಕಿಕೊಂಡು ತಡವಾದ ದಿನಗಳಿಗೆ ಬಾಡಿಗೆ ಯಾರದು? ಕೆಟ್ಟು ನಿಂತರೆ ಎಳೆದೊಯ್ಯುವ ಖರ್ಚು ಯಾರ ತಲೆಗೆ? ಟೈರ್ ಚೈನ್ ಕೊಡುತ್ತಾರೆಯೇ? ಇವೆಲ್ಲ ಬರಹದಲ್ಲಿರಲಿ. ದಾರಿ ಮುಚ್ಚಿತೆಂಬ ಒಂದೇ ಕಾರಣಕ್ಕೆ ಪೂರ್ತಿ ಹಣ ತಾನಾಗಿ ವಾಪಸ್ ಬರುವುದಿಲ್ಲ. ವಾಹನ ಪಡೆಯುವಾಗ ಗಾಜು, ಟೈರು, ಓಡೋಮೀಟರ್ ಕಾಣುವಂತೆ ವಿಡಿಯೊ ಮಾಡಿ. ಹಳೆಯ ಬಿರುಕನ್ನು ತೋರಿಸಿ ಠೇವಣಿ ಹಿಡಿದುಕೊಂಡರೆ ಅದೇ ನಿಮ್ಮ ಸಾಕ್ಷ್ಯ.

ತಡೆಗಂಬ ದಾಟಬೇಡಿ

ಸಾರ್ವಜನಿಕರ ಸುರಕ್ಷತೆಗಾಗಿ ವಾಹನ ಸಂಚಾರ ನಿರ್ಬಂಧಿಸಲು ಕಲಂ 115 ಅಧಿಕಾರ ಕೊಡುತ್ತದೆ. ದಾರಿಯಲ್ಲಿ ಸಿಗುವ ದಾರ್ಚಾದಲ್ಲಿ ಪೊಲೀಸರು ತಡೆದರೆ ವಾದಕ್ಕಿಳಿಯಬೇಡಿ. ಅಧಿಕಾರಿಯ ಆದೇಶವನ್ನು ತಿಳಿದೂ ಮೀರಿ ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 223ರಡಿ ಒಂದು ವರ್ಷದವರೆಗೆ ಸಜೆಯಾಗಬಹುದು. ದಾರಿ ಮುಚ್ಚಿದ ಆದೇಶದ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಹಣ ವಾಪಸ್ ಕೇಳುವಾಗ ನೆರವಿಗೆ ಬರುತ್ತದೆ.

ಗಾಡಿ ಚಲಿಸುವಾಗ ಮಕ್ಕಳನ್ನು ಹಿಂದಿನ ಮಂಚದ ಮೇಲೆ ಮಲಗಿಸಬೇಡಿ. 14 ವರ್ಷದೊಳಗಿನವರಿಗೆ ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನ ಇಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಅಡಿ 1,000 ರೂಪಾಯಿ ದಂಡವಿದೆ. ಹಿಮದಲ್ಲಿ ಗಾಡಿ ಜಾರಿದಾಗ ಮಂಚದ ಮೇಲಿನ ಮಗುವಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ರಾತ್ರಿ ಚಳಿಗೆಂದು ಕಿಟಕಿ ಮುಚ್ಚಿ ಗ್ಯಾಸ್ ಒಲೆ ಉರಿಸಿ ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ.

ಅಪಘಾತವಾದರೆ

112ಕ್ಕೆ ಕರೆ ಮಾಡಿ. 2025ರ ಕೇಂದ್ರ ಯೋಜನೆಯಂತೆ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಇದೆ. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ ಕಲಂ 134ಎ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ.

ಮೋಸವಾದರೆ ಎಲ್ಲಿ ದೂರು?

ಮೊದಲು ಕಂಪನಿಗೆ ಲಿಖಿತ ದೂರು ಕೊಡಿ, ನಂತರ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಗೆಹರಿಯದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬಾಡಿಗೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಮಾಡಿದೆ. ಮನಾಲಿಯ ಕಂಪನಿಯ ಮೇಲೆ ಹುಬ್ಬಳ್ಳಿಯವರು ಧಾರವಾಡದ ಆಯೋಗದಲ್ಲೇ ದೂರು ದಾಖಲಿಸಬಹುದು.

ಕರಾರು, ರಸೀದಿ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಜೋಪಾನ ಮಾಡಿ. ಉಚಿತ ಕಾನೂನು ನೆರವಿಗೆ 15100 ಇದೆ. ಅನ್ಯಾಯವಾದರೆ ‘ಹೋಗಲಿ ಬಿಡು’ ಎಂದು ಸುಮ್ಮನಾಗಬೇಡಿ, ದೂರು ಕೊಡಿ.